ಹೆರೆಮಣೆ ಮತ್ತು ನನ್ನ ಬೆನ್ನಿನ ಡಿಸ್ಕ್

ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಮೂವರು ಕೂರುವ ಸೀಟಿನ ಅಂಚಿನಲ್ಲಿ ನಾಲ್ಕನೆಯವಳಾಗಿ ಕೂರಲು ನಾನು ನಲವತ್ತು ವರ್ಷ ಜಗಳ ಮಾಡಿದ್ದೇನೆ. ಬಾಯಿಮಾತಿಗೆ ಸರಿಯದವರನ್ನು ಸೊಂಟದಿಂದಲೇ ಸರಿಸಿದ್ದೇನೆ. ಅಂಥ ನನಗೆ ಹೋದ ವರ್ಷ ಒಂದು ದಿನ, ದಾದರಿನಲ್ಲಿ ತರಕಾರಿ ಕೊಂಡು ಕಾಂದಿವಲಿಗೆ ಹಿಂದಿರುಗುವಾಗ, ಜಗಳವಿಲ್ಲದೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಾಂದ್ರಾ ದಾಟುವಷ್ಟರಲ್ಲಿ ಎಡಗಡೆಯ ಕುಂಡೆಯಿಂದ ಕಾಲಿನ ಹೆಬ್ಬೆರಳಿನವರೆಗೆ ಯಾರೋ ಕಾದ ತಂತಿ ಎಳೆದ ಹಾಗಾಯಿತು. ಎದ್ದು ನಿಂತೆ. ಪಕ್ಕದವಳು ನನ್ನ ಜಾಗಕ್ಕೆ ಸರಿದು ಕೂತಳು. ತಪ್ಪೇನಿಲ್ಲ, ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ನಿಂತರೆ ನೋವು ಸ್ವಲ್ಪ ಕಡಿಮೆ, ಕೂತರೆ ಹೆಚ್ಚು. ಇದು ನನಗೆ ಅರ್ಥವೇ ಆಗಲಿಲ್ಲ. ನಾವು ಉಡುಪಿ ಕಡೆಯ ಹೋಟೆಲಿನವರು. ನನ್ನ ಗಂಡ ಮಾಟುಂಗದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತವರು. ರಾತ್ರಿ ಮನೆಗೆ ಬಂದು ನೆಲದ ಮೇಲೆ ಕೂತರೆಂದರೆ ಅವರ ಕೆಲಸ ಮುಗಿಯಿತು ಎಂದು ಅರ್ಥ. ಅವರು ತೀರಿಹೋಗಿ ಆರು ವರ್ಷವಾಯಿತು. ಆದರೂ ನಮ್ಮ ಮನೆಯಲ್ಲಿ ಕೆಲಸ ಎಂದರೆ ನಿಂತು ಮಾಡುವುದು. ಕೂತು ಮಾಡುವುದು ಯಾವುದೂ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ.

ಹದಿನೈದು ದಿನ ಎಣ್ಣೆ ತಿಕ್ಕಿಸಿಕೊಂಡೆ. ಆಮೇಲೆ ಮಗ ದಾದರಿನ ಬೆನ್ನುಮೂಳೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಮೊದಲು ಒಂದು ದೊಡ್ಡ ಕೊಳವೆಯೊಳಗೆ ಮಲಗಿಸಿ ಚಿತ್ರ ತೆಗೆದರು. ಒಳಗೆ ಡಬ್ಬ ಬಡಿದ ಹಾಗೆ ಸದ್ದು. ಸೊಂಟದ ಕೆಳಗಿನ ಎರಡು ಎಲುಬುಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ಒಂದುಂಟು, ಅದರ ಒಳಗಿನದು ಹೊರಗೆ ಉಬ್ಬಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆ ಎಂದು ಡಾಕ್ಟರ್ ಹಿಂದಿಯಲ್ಲಿ ಹೇಳಿದರು. ನನಗೆ ಕೂಡಲೇ ತಿಳಿಯಿತು. ಹೋಳಿಗೆ ಲಟ್ಟಿಸುವಾಗ ಒಂದು ಕಡೆ ಒತ್ತು ಹೆಚ್ಚಾದರೆ ಇನ್ನೊಂದು ಕಡೆಯಿಂದ ಹೂರಣ ಹೊರಗೆ ಬರುತ್ತದಲ್ಲ, ಅದೇ.

"ಅದು ತಾನಾಗಿಯೇ ಕುಗ್ಗುವುದೂ ಉಂಟು" ಎಂದರು.

"ಹೊರಗೆ ಬಂದ ಹೂರಣ ಒಳಗೆ ಹೋದದ್ದನ್ನು ನಾನು ಕಂಡಿಲ್ಲ" ಎಂದೆ.

ಅವರು ನಗಲಿಲ್ಲ. ಮೂತ್ರ ಹಿಡಿತದಲ್ಲಿದೆಯೇ ಎಂದು ಮಗನ ಎದುರೇ ಕೇಳಿದರು. ಹಿಮ್ಮಡಿಯ ಮೇಲೆ ನಡೆಸಿದರು. ಹೆಬ್ಬೆರಳನ್ನು ಮೇಲಕ್ಕೆತ್ತಿಸಿ ತಾವು ಕೆಳಕ್ಕೆ ಒತ್ತಿದರು. ಕಾಲಿಗೆ ಶಕ್ತಿಯಿದೆ, ಆತುರವಿಲ್ಲ, ಆರು ವಾರ ಮಾತ್ರೆ ಮತ್ತು ವ್ಯಾಯಾಮ, ಬಗ್ಗುವುದು ಎತ್ತುವುದು ಬೇಡ ಎಂದರು. ಅಷ್ಟಕ್ಕೂ ತಗ್ಗದಿದ್ದರೆ ಆಪರೇಷನ್ ಮಾತು. ನಡುವೆ ಪಾದ ಎಳೆಯತೊಡಗಿದರೆ ಅಥವಾ ಮೂತ್ರದ ತೊಂದರೆಯಾದರೆ ಅದೇ ದಿನ ಓಡಿ ಬರಬೇಕು.

ಹೊರಗೆ ಬಂದ ಮೇಲೆ ಮಗ, "ಅಮ್ಮ, ಹೇಗೂ ಮಾಡ್ಬೇಕಾದ್ರೆ ಈಗ್ಲೇ ಮಾಡಿಸಿ ಬಿಡುವ. ನಾನು ರಜೆ ಹಾಕ್ತೇನೆ" ಎಂದ.

"ನಿನ್ನ ರಜೆಗಾಗಿ ನನ್ನ ಬೆನ್ನು ಕುಯ್ಯಿಸ್ಬೇಕಾ? ಆರು ವಾರ ಸುಮ್ಮನಿರು" ಎಂದೆ.

ಜೋರಾಗಿ ಹೇಳಿದೆ, ಆದರೆ ಹೆದರಿದ್ದೆ. ಸಾಯುತ್ತೇನೆಂದಲ್ಲ. ಆಪರೇಷನ್ ಆದ ಮೇಲೆ ನಾನು ಏಳಲಾರದೆ, ಸೊಸೆ ನನಗೆ ಸ್ನಾನ ಮಾಡಿಸುವ ಹಾಗಾದರೆ? ನನ್ನ ಅತ್ತೆಗೆ ಎರಡು ವರ್ಷ ನಾನೇ ಸ್ನಾನ ಮಾಡಿಸಿದ್ದೇನೆ. ಬಚ್ಚಲಿನ ಹೊರಗೆ ಬಂದು ನಾನು ಗೊಣಗಿದ್ದು ನನಗೆ ನೆನಪುಂಟು. ಅವರ ಕಿವಿ ಸರಿಯಿತ್ತು.

ಮೊಮ್ಮಗಳು ಮೊಬೈಲಿನಲ್ಲಿ ಇನ್ನೊಂದು ದಾರಿ ಹುಡುಕಿದಳು. ಅಂಧೇರಿಯಲ್ಲಿ ಒಬ್ಬ ಕೈರೊಪ್ರಾಕ್ಟರ್ ಇದ್ದಾನೆ, ಕೈಯಿಂದಲೇ ಬೆನ್ನೆಲುಬು ಸರಿ ಮಾಡುತ್ತಾನೆ ಎಂದು ವಿಡಿಯೋ ತೋರಿಸಿದಳು. ಒಬ್ಬ ಗಂಡಸನ್ನು ಮಲಗಿಸಿ ತಿರುವಿದ ಕೂಡಲೇ ಟಕ್ಕೆಂದು ಸದ್ದು. ಅವನು ನಗುತ್ತಾ ಎದ್ದ.

"ಅಜ್ಜಿ, ದೇಖೋ, ಒಂದೇ ಸಲ ಟಕ್! ಖತಂ!"

"ಖತಂ ಯಾರು, ನಾನಾ?"

ಆದರೂ ಹೋದೆ. ಆಟೋದಲ್ಲಿ ಕೂರಲಾಗದೆ ಸೀಟಿನ ಮೇಲೆ ಅಡ್ಡವಾಗಿ ಒರಗಿದ್ದೆ. ಆತ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದ, ಎಲುಬು ಸವೆದಿದೆ ಎಂದು ಹಿಂದೊಮ್ಮೆ ಬಂದಿದ್ದ ರಿಪೋರ್ಟನ್ನೂ ನೋಡಿದ. ನನ್ನ ಕಾಲೆತ್ತಿ ಇಳಿಸಿದ. "ಮಾಜೀ, ನಿಮ್ಮ ಎಲುಬು ತೆಳ್ಳಗಾಗಿದೆ, ನರದ ಮೇಲೆ ಒತ್ತೂ ಇದೆ. ನಾನು ತಿರುವುವುದಿಲ್ಲ. ವ್ಯಾಯಾಮವೇ ನಿಮಗೆ ಸರಿ" ಎಂದು ಹಿಂದಿಯಲ್ಲಿ ಹೇಳಿದ. ಹಾಸಿಗೆಯಿಂದ ಏಳುವಾಗ ನೆಟ್ಟಗೆ ಏಳದೆ, ಮಗ್ಗುಲಾಗಿ ಕಾಲು ಇಳಿಬಿಟ್ಟು ಕೈ ಊರಿ ಏಳುವುದನ್ನು ಕಲಿಸಿದ. ಟಕ್ಕೆಂಬ ಸದ್ದು ಕೇಳಲು ಮೊಬೈಲ್ ಹಿಡಿದು ನಿಂತಿದ್ದ ಮೊಮ್ಮಗಳ ಮುಖ ಸಣ್ಣದಾಯಿತು. ನನಗೆ ಮಾತ್ರ ಅವನ ಮೇಲೆ ಗೌರವ ಬಂತು. ನನ್ನಿಂದಾಗದು ಎನ್ನುವವನ ಮಾತನ್ನು ನಾನು ನಂಬುತ್ತೇನೆ.

ಉಳಿದದ್ದು ವ್ಯಾಯಾಮ. ನಮ್ಮ ಪಕ್ಕದ ಬಿಲ್ಡಿಂಗಿನ ತಳಮಹಡಿಯಲ್ಲಿ ವಿಜಯಪುರ ಕಡೆಯ ಸಾಬರ ಹೆಂಗಸೊಬ್ಬಳು ಫಿಸಿಯೋಥೆರಪಿ ಮಾಡುತ್ತಾಳೆ. ಅವಳ ಕನ್ನಡ ಕೇಳಿದರೆ ಜಗಳಕ್ಕೆ ಬಂದಳೋ ಎಂದು ಮೊದಲು ಅನಿಸುತ್ತದೆ. ನನ್ನ ಕನ್ನಡ ಕೇಳಿ ಅವಳಿಗೆ ನಗು. ಬೋರಲು ಮಲಗಿಸಿ, ಮೊಣಕೈ ಊರಿ ಎದೆ ಎತ್ತಿಸಿದಳು. ನಿಂತು ಸೊಂಟದ ಮೇಲೆ ಕೈಯಿಟ್ಟು ಹಿಂದಕ್ಕೆ ಬಾಗಿಸಿದಳು. ಇನ್ನೊಂದು ವಿಷಯವನ್ನೂ ಹೇಳಿಕೊಟ್ಟಳು.

"ಅಜ್ಜೀ, ನೋವು ಕಾಲಾಗಿಂದ ಮ್ಯಾಲ ಬಂದು ಸೊಂಟದಾಗ ನಿಂತ್ರ ಹೆದರಬ್ಯಾಡ್ರಿ. ಅದು ಚಲೋ ಲಕ್ಷಣ. ಕೆಳಗ ಹೆಬ್ಬೆಟ್ಟಿಗೆ ಇಳದ್ರ ನನಗ ಹೇಳ್ರಿ."

ದಿನಾ ಸಂಜೆ ವ್ಯಾಯಾಮ ಮಾಡಿದ ಮೇಲೆ ನೋವು ತೊಡೆಗೆ ಏರುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಮತ್ತೆ ಹೆಬ್ಬೆರಳಿಗೆ ಇಳಿಯುತ್ತಿತ್ತು. ಮೂರು ವಾರ ಹೀಗೆಯೇ. ಮಗ ಆಪರೇಷನ್ನಿಗೆಂದು ಆಸ್ಪತ್ರೆಯ ಕಾಗದ ತಂದು ಫ್ರಿಜ್ಜಿನ ಮೇಲಿಟ್ಟ. ನಾನು ಅದರ ಮೇಲೆ ಮೊಟ್ಟೆಯ ಟ್ರೇ ಇಟ್ಟೆ.

"ಬಗ್ಗಿ ಕೆಲಸ ಮಾಡ್ತೀರೇನು?" ಎಂದು ವಿಜಯಪುರದವಳು ದಿನಾ ಕೇಳುವಳು.

"ಇಲ್ಲ."

"ಏನರ ಎತ್ತತೀರೇನು?"

"ಇಲ್ಲ ಮಾರಾಯ್ತಿ. ಬಾಲ್ದಿ ಕೂಡ ಸೊಸೆ ಎತ್ತುದು."

"ಹಂಗಾರ ನಾ ಸಂಜೀಕ ಮಾಡಿದ್ದನ್ನ ಮುಂಜಾನೆ ಯಾರ ಕೆಡಸ್ತಾರ?"

ನಾನು ಸುಳ್ಳು ಹೇಳಿರಲಿಲ್ಲ. ಅದನ್ನು ಇವತ್ತಿಗೂ ಹೇಳುತ್ತೇನೆ.

ಒಂದು ಬೆಳಿಗ್ಗೆ ಅವಳು ಹೇಳದೆ ಕೇಳದೆ ಮನೆಗೇ ಬಂದಳು. ಸೊಸೆ ಬಾಗಿಲು ತೆಗೆದಳು. ನಾನು ಅಡುಗೆಮನೆಯ ನೆಲದಲ್ಲಿ ಹೆರೆಮಣೆಯ ಮೇಲೆ ಕೂತು ತೆಂಗಿನಕಾಯಿ ಹೆರೆಯುತ್ತಿದ್ದೆ. ಹೆರೆಮಣೆ ಎಂದರೆ ಗೇಣೆತ್ತರದ ಮರದ ಮಣೆ, ಮುಂದೆ ಹಲ್ಲಿನ ಕಬ್ಬಿಣ. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಎರಡೂ ಕೈಯಲ್ಲಿ ಕಾಯಿಕಡಿ ಹಿಡಿದು ಮುಂದಕ್ಕೆ ಒತ್ತಿ ಒತ್ತಿ ಹೆರೆಯಬೇಕು. ಮದುವೆಯಾಗಿ ಮುಂಬಯಿಗೆ ಬರುವಾಗ ನನ್ನ ಟ್ರಂಕಿನೊಂದಿಗೆ ಬಂದ ಮಣೆ ಅದು.

ಅವಳು ಅಡುಗೆಮನೆ ಬಾಗಿಲಲ್ಲಿ ನಿಂತೇಬಿಟ್ಟಳು. "ಅಜ್ಜೀ, ಇದೇನ್ರೀ?"

"ಕಾಯಿ."

"ಕಾಯಿ ಕಾಣಾಕತ್ತೈತಿ. ಬಗ್ಗೂದಿಲ್ಲ ಅಂದಿದ್ರಲ್ಲ?"

"ಬಗ್ಗಿದ್ದು ಎಲ್ಲಿ? ಕೂತ್ಕೊಂಡಿದ್ದೇನೆ ಅಲ್ವಾ?"

"ದಿನಾ ಕುಂದರ್ತೀರೇನು?"

"ದಿನಾ ಒಂದು ಕಾಯಿ. ಮೀನು ಮಾಡುವ ದಿನ ಎರಡು."

ಅವಳು ಮೊಬೈಲ್ ತೆಗೆದು ಪಕ್ಕದಿಂದ ಒಂದು ಫೋಟೋ ಹೊಡೆದು ನನ್ನ ಮುಂದೆ ಹಿಡಿದಳು. ನನ್ನ ಬೆನ್ನನ್ನು ನಾನು ಪಕ್ಕದಿಂದ ಯಾವತ್ತೂ ನೋಡಿದವಳಲ್ಲ. ಕೊಡೆಯ ಹಿಡಿಯ ಹಾಗೆ ಬಾಗಿತ್ತು.

"ಈಗ ಹೇಳ್ರಿ. ಇದು ಬಗ್ಗಿದ್ದೋ, ಕುಂತಿದ್ದೋ?"

"ಎರಡೂ" ಎಂದೆ. ಬೇರೆ ಏನು ಹೇಳಲಿ?

ಹಿಂದಿನಿಂದ ಸೊಸೆ, "ಮಾರ್ಕೆಟಲ್ಲಿ ಹೆರೆದ ಕಾಯಿಯೇ ಸಿಗ್ತದೆ ಅಂತ ನಾನು ಎಷ್ಟು ಸಲ ಹೇಳಿಲ್ಲ ಅತ್ತೆ?" ಎಂದಳು.

"ಅದರಲ್ಲಿ ಸಾರು ಮಾಡಿದ್ರೆ ಸಾಬೂನಿನ ನೀರು ಕುಡಿದ ಹಾಗೆ ಆಗ್ತದೆ ಅಂತ ನಾನೂ ಅಷ್ಟೇ ಸಲ ಹೇಳಿದ್ದೇನೆ."

ವಿಜಯಪುರದವಳು ನಗುತ್ತಾ ನನ್ನ ಕಂಕುಳಲ್ಲಿ ಕೈಕೊಟ್ಟು ಎಬ್ಬಿಸಿದಳು. ಅರ್ಧ ಹೆರೆದ ಕಾಯಿಯನ್ನು ಸೊಸೆ ಮುಗಿಸಿದಳು. ಕಂದು ಸಿಪ್ಪೆಯೂ ಸೇರಿಹೋಯಿತು. ಅವತ್ತು ನಾನು ಬಾಯಿ ಮುಚ್ಚಿ ಉಂಡೆ.

ಸಂಜೆ ಮಗ ಅಡುಗೆಕಟ್ಟೆಗೆ ಕಚ್ಚಿಸುವ, ಹಿಡಿ ತಿರುಗಿಸುವ ಹೆರೆಯುವ ಯಂತ್ರ ತಂದ. ನಿಂತು ತಿರುಗಿಸಬೇಕು. ಒಗ್ಗಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಬೆಳಗಿನ ನೋವು ಹೆಬ್ಬೆರಳು ಬಿಟ್ಟು ಮೀನಖಂಡದಲ್ಲಿ ನಿಂತಿತು. ಇನ್ನೊಂದು ವಾರಕ್ಕೆ ತೊಡೆಗೆ ಏರಿತು. ಆಮೇಲೆ ಸೊಂಟದಲ್ಲಿ ಒಂದು ಹಿಡಿಯಷ್ಟು ಜಾಗದಲ್ಲಿ ಉಳಿಯಿತು. ಸೊಂಟ ನೋಯುತ್ತಿದೆ ಎಂದು ನಾನು ಖುಷಿಯಿಂದ ಹೇಳಿಕೊಂಡು ತಿರುಗಿದ್ದು ಜೀವನದಲ್ಲಿ ಅದೊಂದೇ ಸಲ.

ಆರನೆಯ ವಾರ ಮತ್ತೆ ದಾದರ್. ಡಾಕ್ಟರ್ ಮಲಗಿಸಿ ನನ್ನ ಎಡಗಾಲನ್ನು ನೆಟ್ಟಗೆ ಮೇಲಕ್ಕೆತ್ತಿದರು. ಮೊದಲ ಸಲ ಒಂದು ಗೇಣು ಎತ್ತುವಷ್ಟರಲ್ಲಿ ಕೂಗಿದ್ದೆ. ಈ ಸಲ ನನ್ನ ಪಾದ ನನಗೇ ಕಂಡಿತು. ಹಿಮ್ಮಡಿ ಒಡೆದಿತ್ತು. ಯಾರೂ ಹೇಳಿರಲಿಲ್ಲ.

"ಆಪರೇಷನ್ ಬೇಡ. ವ್ಯಾಯಾಮ ಬಿಡಬೇಡಿ" ಎಂದರು.

"ಹೂರಣ ಒಳಗೆ ಹೋಯಿತಾ?" ಎಂದು ಕೇಳಿದೆ.

ಈ ಸಲ ನಕ್ಕರು. "ಒಳಗೆ ಹೋಯಿತೋ, ಒಣಗಿತೋ, ಇನ್ನೊಂದು ಚಿತ್ರ ತೆಗೆಯದೆ ಹೇಳಲಾರೆ. ನರ ಸುಮ್ಮನಾಗಿದೆ. ಅಷ್ಟು ಸಾಕು."

ನನಗೂ ಅಷ್ಟು ಸಾಕು. ಹಿಂದಿರುಗುವಾಗ ಮಗ ಗಂಡಸರ ಡಬ್ಬಿಗೆ ಹೋದ, ನಾನು ಹೆಂಗಸರ ಡಬ್ಬಿ ಹತ್ತಿದೆ. ಒಬ್ಬ ಹುಡುಗಿ ಎದ್ದು, "ಬೈಠಿಯೇ ಆಂಟಿ" ಎಂದಳು. ಬೇಡ ಎಂದೆ. ಜಗಳವಿಲ್ಲದೆ ಸಿಕ್ಕ ಸೀಟನ್ನು ಬಿಟ್ಟು, ಕಂಬ ಹಿಡಿದು ಕಾಂದಿವಲಿಯವರೆಗೆ ನಿಂತೇ ಬಂದೆ.

ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ನೋವು ಶುರುವಾದ ಮೇಲೆ, ಬಿದ್ದರೆ ಎಂಬ ಭಯಕ್ಕೆ, ಚಿಲಕ ಹಾಕಿರಲಿಲ್ಲ. ಬಿಸಿನೀರನ್ನು ಚೊಂಬು ಚೊಂಬು ಹುಯ್ದುಕೊಂಡೆ. ಬೆನ್ನಿಗೆ ಕೈ ಎಟುಕುವಷ್ಟು ದೂರ ಸಾಬೂನು ಹಚ್ಚಿದೆ. ಎಷ್ಟು ಹೊತ್ತಾಯಿತೋ, ಸೊಸೆ ಬಾಗಿಲು ತಟ್ಟಿದಳು.

"ಅತ್ತೆ, ಸರಿ ಉಂಟಾ? ನಾನು ಬರ್ಬೇಕಾ?"

"ನೀನು ಬಂದು ಎಂಥ ಮಾಡ್ತಿ? ಚಾ ಇಡು, ಹೋಗು" ಎಂದೆ.

ಅವಳು ಗೊಣಗುತ್ತಾ ಹೋದಳು. ನನ್ನ ಕಿವಿಯೂ ಸರಿಯಿದೆ. ಇನ್ನೂ ಎರಡು ಚೊಂಬು ನೀರು ಹುಯ್ದುಕೊಂಡೆ.