ಹುಣಸೆಹಣ್ಣು ತಿಕ್ಕಿದ ಪಾನದಾನ

೧೯೭೬ರ ಮಾತು. ಬಸವಕಲ್ಯಾಣದಲ್ಲಿ ನಾನು ಹೈಸ್ಕೂಲು ಮಾಸ್ತರನಾಗಿದ್ದೆ. ಊರಿನ ಕೆಲವು ಹಿರಿಯರಿಗೆ ಬಾಡಿಗೆ ಕೋಣೆಯೊಂದರಲ್ಲಿ ಚಿಕ್ಕ ವಸ್ತುಸಂಗ್ರಹಾಲಯ ಮಾಡುವ ಉಮೇದು ಬಂತು. ಇತಿಹಾಸ ಕಲಿಸುವವನೆಂದು ಆ ಜವಾಬ್ದಾರಿಯನ್ನು ನನ್ನ ಕೊರಳಿಗೆ ಕಟ್ಟಿದರು. ಪ್ರತಿ ವಸ್ತು ಯಾರು ಕೊಟ್ಟರು, ಅವರಿಗೆ ಎಲ್ಲಿಂದ ಬಂತು ಎಂದು ನಾನು ವಿಚಾರಿಸಬೇಕಿತ್ತು. ನಾಜಿಗಳು ಯಹೂದಿಗಳ ಮನೆಗಳಿಂದ ದೋಚಿದ ಚಿತ್ರಗಳು ಯುರೋಪಿನ ವಸ್ತುಸಂಗ್ರಹಾಲಯಗಳ ಗೋಡೆಯ ಮೇಲಿವೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಕಡೆ ಅಂಥದ್ದೆಲ್ಲಿ ಬಂತು ಅಂದುಕೊಂಡಿದ್ದೆ.

ಹುಮನಾಬಾದಿನ ಕಿರಾಣಿ ವ್ಯಾಪಾರಿ ಶಂಕರೆಪ್ಪನವರು ಒಂದು ಬಿದರಿ ಪಾನದಾನ ಕೊಟ್ಟರು. ಎಲೆ ಅಡಿಕೆ ಇಡುವ ಮುಚ್ಚಳದ ಡಬ್ಬಿ, ಕಪ್ಪು ಮೈಮೇಲೆ ಬೆಳ್ಳಿಯ ಬಳ್ಳಿ. ಎಲ್ಲಿಂದ ಬಂತೆಂದು ಕೇಳಿದೆ. "ನಮ್ಮ ಹಿರ್ಯಾರ ಕಾಲದ್ದು ಅದ್ರಿ" ಅಂದರು. ಅದನ್ನೇ ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟೆ.

ಉದ್ಘಾಟನೆಗೆ ಮೊದಲೇ ಜನ ಬಂದು ನೋಡಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಖುರ್ಷಿದ್ ಬೀ ಎಂಬ ಹೆಂಗಸು ಬಂದರು. ನೆಂಟರ ಮನೆಗೆ ಬಂದವರು, ಐವತ್ತರ ಆಸುಪಾಸು. ಪಾನದಾನದ ಮುಂದೆ ನಿಂತವರು ಕದಲಲಿಲ್ಲ.

"ಮಾಸ್ತರ್ರ, ಇದು ನಮ್ಮ ಅತ್ತಿಯವರದು. ಹುಮನಾಬಾದ ಬಾಜೂಕಿನ ಹಳ್ಳ್ಯಾಗ ನಮ್ಮ ಮನಿ ಇತ್ತು. ನಲವತ್ತೆಂಟರಾಗ ನಿಜಾಮನ ರಾಜ್ಯ ಬಿತ್ತಲ್ರಿ, ಆ ಗದ್ದಲದಾಗ ಎಲ್ಲಾ ಲೂಟಿ ಆತು."

"ಇಂಥಾ ಪಾನದಾನ ಭಾಳ ಇರ್ತಾವ್ರಿ ಖಾಲಾ" ಅಂದೆ.

"ಹೌದ್ರಿ. ಆದ್ರ ಇದರ ತಳಾ ನೋಡ್ರಿ, ಅರ್ಧ ಬೆಳ್ಳಗ ಆಗಿರಬೇಕು. ಆಗ ನಾ ಹೊಸಾ ಸೊಸಿ. ನಮ್ಮ ತವರಾಗ ಬರೇ ಹಿತ್ತಾಳಿ. ಬಿದರಿ ಸಾಮಾನು ಎಣ್ಣಿ ಹಚ್ಚಿ ಒರಸ್ಬೇಕು ಅಂತ ನನಗೇನ್ ಗೊತ್ತು? ಹುಣಸಿಹಣ್ಣು ಹಚ್ಚಿ ಗಸಗಸ ತಿಕ್ಕಾಕತ್ತಿದ್ದೆ. ಅರ್ಧ ಆಗೂದ್ರಾಗ ಅತ್ತಿ ಬಂದು ಕಸಗೊಂಡ್ರು."

ಮಗುಚಿ ನೋಡಿದೆ. ತಳದ ಒಂದು ಪಾಲು ಕಪ್ಪು, ಇನ್ನೊಂದು ಪಾಲು ಬೂದಿಬಣ್ಣ.

ಶಂಕರೆಪ್ಪನವರಿಗೆ ಹೇಳಿ ಕಳಿಸಿದೆ. ಮರುದಿನ ಬಂದವರೇ, "ನಾ ಏನ್ ಕಳ್ಳೇನ್ರಿ? ಬಜಾರದಾಗ ರೊಕ್ಕಾ ಕೊಟ್ಟು ತಗೊಂಡೀನಿ!" ಎಂದು ಹಾರಾಡಿದರು. ಯಾರೂ ಅವರನ್ನು ಕಳ್ಳ ಎಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಹಿರಿಯರ ಕಾಲದ ಮಾತು ಅಲ್ಲೇ ಬಿದ್ದುಹೋಯಿತು.

ನಾನು ಬರಹೇಳಿದ್ದ ಖುರ್ಷಿದ್ ಬೀಯೂ ಅಲ್ಲೇ ಇದ್ದರು, ಜಗಳಕ್ಕೆ ಇಳಿಯಲಿಲ್ಲ. ಹುಣಸೆಹಣ್ಣಿನ ಕಥೆಯನ್ನು ಇನ್ನೊಮ್ಮೆ ಹೇಳಿದರು, ಅಷ್ಟೆ. ಶಂಕರೆಪ್ಪನವರು ತಳವನ್ನು ಬೆರಳಿನಿಂದ ಸವರುತ್ತ ಕೂತರು. ಆ ಬಿಳುಪು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತಂತೆ, ಕಾರಣ ಮಾತ್ರ ಗೊತ್ತಿರಲಿಲ್ಲ.

"ಆವಾಗ ಅಗ್ಗಕ್ಕ ಸಿಕ್ತು ಮಾಸ್ತರ್ರ" ಅಂದರು ಕೊನೆಗೆ. "ಯಾರ ಮನೀದು ಅಂತ ನಾ ಕೇಳಲಿಲ್ಲ. ಕೇಳಿದ್ರ ತಗೋಳಾಕ ಆಗ್ತಿರಲಿಲ್ಲ." ಆಮೇಲೆ ಆಕೆಯ ಕಡೆ ತಿರುಗಿ, "ಒಯ್ಯವಾ ತಂಗಿ, ನಿಂದೇ ಅದ" ಅಂದರು.

ಸುದ್ದಿ ಕೇಳಿ ಬಂದಿದ್ದ ಒಬ್ಬಿಬ್ಬರು ಹಿರಿಯರು ಗೊಣಗಿದರು. ಹೀಗೆ ಕೊಡುತ್ತ ಹೋದರೆ ನಾಳೆ ಕೋಣೆಯಲ್ಲಿ ಉಳಿಯುವುದೇನು ಅನ್ನುವುದು ಅವರ ವಾದ. ನಾನು ಕಿವಿಗೆ ಹಾಕಿಕೊಳ್ಳದೆ ಪಾನದಾನವನ್ನು ಖುರ್ಷಿದ್ ಬೀಯವರ ಕೈಗಿಟ್ಟೆ. ಅವರು ಮುಚ್ಚಳ ತೆಗೆದು ನೋಡಿ, "ನಮ್ಮ ಅತ್ತಿ ಖಾಲಿ ಪಾನದಾನ ಯಾರ ಮುಂದೂ ತೆಗೀತಿರಲಿಲ್ಲ" ಅಂದರು. ಶಂಕರೆಪ್ಪನವರೇ ಎದುರಿನ ಅಂಗಡಿಗೆ ಹೋಗಿ ಎಲೆ, ಅಡಿಕೆ, ಸುಣ್ಣ ತಂದರು. ಆಕೆ ನೆಲದ ಮೇಲೆ ಕೂತು ವಿಡೆ ಕಟ್ಟಿದರು. ಮೊದಲನೆಯದು ಶಂಕರೆಪ್ಪನವರಿಗೆ, ಎರಡನೆಯದು ನನಗೆ.

ವಿಡೆ ಬಾಯಿಗೆ ಹಾಕಿಕೊಂಡು, ಏನಾದರೂ ಮಾತಾಡಬೇಕೆಂದು ಕೇಳಿದೆ, "ಅತ್ತಿ, ಮಾವ ಎಲ್ಲಾ ಈಗ ಎಲ್ಲಿದ್ದಾರ್ರಿ ಖಾಲಾ?"

"ಯಾರೂ ಉಳೀಲಿಲ್ರಿ. ಆವತ್ತ ನಾ ತವರಮನಿಗಿ ಹೋಗಿದ್ದೆ."

ಅಷ್ಟು ಹೇಳಿ ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಶಂಕರೆಪ್ಪನವರು ಮುಖ ಆ ಕಡೆ ತಿರುಗಿಸಿದರು. ನನಗೆ ಬಾಯಲ್ಲಿದ್ದ ವಿಡೆ ಅಗಿಯಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಒಂದು ವಸ್ತುವನ್ನು ಅದರ ಮನೆಗೆ ಮುಟ್ಟಿಸಿದೆನೆಂದು ಅಲ್ಲಿಯವರೆಗೆ ಒಳಗೊಳಗೇ ಹಿಗ್ಗುತ್ತಿದ್ದೆ. ಮನೆಯೇ ಇರಲಿಲ್ಲ. ಆ ಹಿಗ್ಗು ನೆನಪಾದಾಗ ಇವತ್ತಿಗೂ ಸಂಕಟವಾಗುತ್ತದೆ.