ಅಕ್ಕನ ಲ್ಯಾಪ್‌ಟಾಪ್ ತೆರೆದ ಬೆಳಿಗ್ಗೆ

ನಮ್ಮ ಆಫೀಸಿನಲ್ಲಿ ನನ್ನ ಗಂಟಲನ್ನು ಯಾರೂ ನಂಬುವುದಿಲ್ಲ. ಮ್ಯಾನೇಜರ್ ಕೆಮ್ಮಿನಿಂದ ಹಿಡಿದು ಲಿಫ್ಟಿನ ಬಾಗಿಲು ನರಳುವ ಸದ್ದಿನವರೆಗೆ ಎಲ್ಲವನ್ನೂ ಅನುಕರಿಸುತ್ತೇನೆ. ಇಷ್ಟು ಶ್ರದ್ಧೆ ಓದಿನಲ್ಲಿ ಇದ್ದಿದ್ದರೆ ಅಲ್ಲಾಳಸಂದ್ರದಲ್ಲಿ ಕೂತು ಪಂಪ್‌ಸೆಟ್ ಯಾಕೆ ಮಾರುತ್ತಿದ್ದೆ ಎನ್ನುವುದು ನಮ್ಮಮ್ಮನ ಪ್ರಶ್ನೆ.

ಪಕ್ಕದ ಮೇಜಿನ ಅಕ್ಕ ಗಂಟಲಿನ ಆಪರೇಷನ್ ಮುಗಿಸಿ, ತಿಂಗಳುಗಟ್ಟಲೆ ರಜೆಯ ನಂತರ ಅಂದು ಕೆಲಸಕ್ಕೆ ಬಂದಿದ್ದರು. ದಿನವಿಡೀ ಡೀಲರುಗಳಿಗೆ ಫೋನು ಮಾಡುವುದೇ ಅವರ ಕೆಲಸ. ಮೊದಲು ಅವರದು ಕ್ಯಾಂಟೀನಿನವರೆಗೂ ಕೇಳಿಸುವ ಕಂಠ. ಈಗ ಒಣ ಎಲೆಯನ್ನು ನೆಲದ ಮೇಲೆ ಎಳೆದಂಥ ಸದ್ದಷ್ಟೇ ಉಳಿದಿತ್ತು.

"ಈ ಗಂಟಲಲ್ಲಿ ಜನ ನನ್ನ ಗುರುತು ಹಿಡೀದಿದ್ರೆ ಕೆಲಸ ಬಿಟ್ಬಿಡ್ತೀನಿ ಕಣೋ," ಎಂದರು, ಬ್ಯಾಗು ಕೆಳಗಿಡುವ ಮೊದಲೇ.

ಮೊದಲ ಪರೀಕ್ಷೆ ಡೀಲರಿನಿಂದ ಬರಲಿಲ್ಲ, ಲ್ಯಾಪ್‌ಟಾಪಿನಿಂದ ಬಂತು. ಪಾಸ್‌ವರ್ಡ್ ಮರೆತಿತ್ತು, ನೆನಪಿದ್ದಷ್ಟನ್ನೂ ಒತ್ತಿ ನೋಡಿದ ಮೇಲೆ ಅದು ಪೂರ್ತಿ ಲಾಕ್ ಆಯಿತು. ತೆಗೆಯಬೇಕಾದವರು ಯಶವಂತಪುರದ ಆಫೀಸಿನಲ್ಲಿ ಕೂರುವ, ಬಾಗಲಕೋಟೆ ಕಡೆಯ ಸಿಸ್ಟಮ್ಸ್ ಸರ್. ಅವರದೊಂದು ಪದ್ಧತಿ: ಧ್ವನಿಯ ಗುರುತು ಹತ್ತಿದರೆ ಫೋನಿನಲ್ಲೇ ಲಾಕ್ ತೆಗೆಯುತ್ತಾರೆ, ಇಲ್ಲವಾದರೆ ಐಡಿ ಕಾರ್ಡು ಹಿಡಿದು ಅಲ್ಲಿಗೇ ಹೋಗಬೇಕು.

ಅಕ್ಕ ಸ್ಪೀಕರ್ ಹಾಕಿ ಕಷ್ಟಪಟ್ಟು ಹೆಸರು ಹೇಳಿದರು.

"ಸಾಕ್ ಬಿಡಪಾ," ಎಂದರು ಸರ್. "ಅಕ್ಕಾರಿಗೆ ಆರಾಮಿಲ್ಲ. ಅದ್ರಾಗೂ ನಿನ್ನ ಮಿಮಿಕ್ರಿ ಏನು?"

ಬೈಗುಳ ನನಗೆ. ಬಿಳಿಚಿಕೊಂಡದ್ದು ಅಕ್ಕನ ಮುಖ. ಅವರ ಬೆರಳು ಕಾಲ್ ಕಟ್ ಮಾಡಲು ಹೋಯಿತು. ನಾನು ಫೋನಿಗೆ ಬಗ್ಗಿ, ಮಾತಾಡಿದ್ದು ನಾನಲ್ಲ, ನಿಜವಾಗಿಯೂ ಅಕ್ಕನೇ ಎಂದು ಗೋಗರೆದೆ.

"ಈಗ ಮತ್ತ ಇದ್ಯಾರ ದನಿ?" ಎಂದು ಸರ್ ಕೇಳಿದರು.

ಅಕ್ಕನ ಧ್ವನಿಯಲ್ಲಿ ಫೋನು ಮಾಡಿ ಅವರನ್ನು ಎಷ್ಟೋ ಸಲ ಆಟವಾಡಿಸಿದ್ದೆ; ನನ್ನ ಸ್ವಂತ ಧ್ವನಿಯಲ್ಲಿ ಒಮ್ಮೆಯೂ ಮಾಡಿರಲಿಲ್ಲ.

ಅಕ್ಕ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು. "ಸರ್, ತಿಂಡಿ ಆಯ್ತಾ? ಇಲ್ಲಾ ಇವತ್ತೂ ಬರೀ ಟೀ ಅಷ್ಟೇನಾ?"

ಸೋಲದೇವನಹಳ್ಳಿಯ ರೂಮಿನಲ್ಲಿ ಒಬ್ಬರೇ ಇರುವ ಸರ್ ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಅಕ್ಕ ಯಾವಾಗ ಫೋನು ಮಾಡಿದರೂ ಮೊದಲು ಇದನ್ನೇ ವಿಚಾರಿಸುತ್ತಿದ್ದರು. ಈ ಮಾತನ್ನೂ ನಾನು ಅನುಕರಿಸಿದ್ದವನೇ. ಆದರೆ ನಾನು ಕೇಳಿದ ಮರುಕ್ಷಣ ಕಿಸಕ್ಕನೆ ನಗುತ್ತಿದ್ದೆ. ಅಕ್ಕ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುತ್ತಾರೆ. ಅಂದೂ ಸುಮ್ಮನಿದ್ದರು.

"ಇನ್ನೂ ಇಲ್ರೀ ಅಕ್ಕಾರ," ಎಂದರು ಸರ್, ಮೆಲ್ಲಗೆ. "ಯಾವಾಗ ಬಂದ್ರಿ?"

ಆಮೇಲೆ ಕೀಬೋರ್ಡಿನ ಟಕಟಕ ಸದ್ದು. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ತೆರೆಯಿತು. ಅಕ್ಕ ನನ್ನತ್ತ ಬೆನ್ನು ಮಾಡಿ ಹೊಸ ಪಾಸ್‌ವರ್ಡ್ ಒತ್ತಿದರು. ಕಣ್ಣೊರೆಸಿಕೊಂಡದ್ದೂ ಆಗಲೇ ಇರಬೇಕು. ನಂತರ ಡೀಲರುಗಳ ಪಟ್ಟಿ ತೆಗೆದು, ಮೊದಲ ನಂಬರು ಒತ್ತುತ್ತಾ ನನಗೆಂದರು:

"ಇನ್ಮೇಲೆ ನನ್ ಥರ ಮಾತಾಡೋದಾದ್ರೆ ಈ ಗಂಟಲಲ್ಲೇ ಮಾತಾಡು. ಹಳೇದು ಬೇಡ."

ಪ್ರಯತ್ನಿಸುತ್ತಿದ್ದೇನೆ. ಸದ್ದು ಹೇಗೋ ಬರುತ್ತದೆ. ಕೇಳಿದ ಮೇಲೆ ಸುಮ್ಮನಿರುವುದು ಮಾತ್ರ ಇನ್ನೂ ಬಂದಿಲ್ಲ.