ಜರ್ಮನಿ ರಾಣಿಯನ್ನು ಎಬ್ಬಿಸಿದ್ದು

ಐವತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಶಿಕಾರಿಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಆಗ ನನಗೆ ಎರಡು ಚಟಗಳಿದ್ದವು: ನಶ್ಯ, ಮತ್ತು ಒಬ್ಬ ಜರ್ಮನ್ ಶಿಲ್ಪಿ. ನಶ್ಯವನ್ನು ಹೇಗೋ ಬಿಟ್ಟೆ, ಶಿಲ್ಪಿಯನ್ನು ಬಿಡಲಾಗಲಿಲ್ಲ. ಹಿಂದಿನ ಶತಮಾನದ ಆ ಮನುಷ್ಯನ ಜೀವನಚರಿತ್ರೆ ನನಗೆ ಸಿಕ್ಕಿದ್ದು ಶಿರಾಳಕೊಪ್ಪದ ಸಂತೆಯಲ್ಲಿ. ಮೆಣಸಿನಕಾಯಿ ಮಾರುವವನೊಬ್ಬ ಪೊಟ್ಟಣ ಕಟ್ಟಲು ಅದರ ಹಾಳೆ ಹರಿಯುತ್ತಿದ್ದ. ಬೈದು ಕಸಿದುಕೊಂಡು ತಂದೆ. ಇಂಗ್ಲಿಷ್ ಪುಸ್ತಕ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಓದಿ ಬಾಯಿಪಾಠವಾಯಿತು. ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಹೋಟೆಲಿಗೆ ನಾನು ಕಾಲಿಟ್ಟರೆ ಜನ ಕುದಿಯುವ ಚಹಾವನ್ನೇ ಗಟಗಟ ಕುಡಿದು ಎದ್ದು ಹೋಗುತ್ತಿದ್ದರು. ಕಲೆ ಅಂದರೆ ಏನೆಂದು ಗೊತ್ತಿಲ್ಲದ ಮುಂಡೇವು!

ನಾನು ಬಾಡಿಗೆಗಿದ್ದದ್ದು ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ. ಅಜ್ಜಿಯ ಮಗಳನ್ನು ಉಳವಿಗೆ ಕೊಟ್ಟಿದ್ದರು. ಎರಡು ಸಲ ಬಸುರಾಗಿ ಎರಡೂ ಕೂಸು ಉಳಿದಿರಲಿಲ್ಲ. ಮೂರನೆಯದಕ್ಕೆ ತುಂಬಿದ ತಿಂಗಳಲ್ಲಿ ತವರಿಗೆ ಬಂದು ಒಳಕೋಣೆಯಲ್ಲಿ ಮಲಗಿದ್ದಳು. ಹೆರಿಗೆ ಸುಸೂತ್ರವಾಗಲೆಂದು ಅಜ್ಜಿ ಜಗುಲಿಯಲ್ಲಿ ಇಪ್ಪತ್ತೊಂದು ದಿನ ಪುರಾಣ ಹಚ್ಚಿಸುವ ಹರಕೆ ಹೊತ್ತಿದ್ದರು. ಹದಿನೆಂಟು ದಿನ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಪುರಾಣದ ಶಾಸ್ತ್ರಿಗಳು ಒಂದಿಡೀ ಹಲಸಿನ ಹಣ್ಣನ್ನು ಒಬ್ಬರೇ ಮುಗಿಸಿ ಗಂಟಲು ಕಟ್ಟಿಸಿಕೊಂಡರು. ಗ್ರಂಥವನ್ನು ಕಂಕುಳಲ್ಲಿ ಇಟ್ಟುಕೊಂಡು, ಕೈಸನ್ನೆಯಲ್ಲೇ ಕ್ಷಮೆ ಕೇಳಿ, ಸೊರಬದ ಬಸ್ಸು ಹತ್ತಿದರು.

ಅಜ್ಜಿ ನನ್ನ ಬಾಗಿಲಿಗೆ ಬಂದರು. ಮುಖ ಬಿಳುಚಿಕೊಂಡಿತ್ತು.

“ಮೇಷ್ಟ್ರೇ, ಪುರಾಣ ನಡುವೆ ನಿಲ್ಲಂಗಿಲ್ಲ ರೀ. ನಿಂತ್ರೆ ಹರಕೆ ಮುರಿದಂಗೆ. ಇನ್ನು ಮೂರು ದಿನ ನೀವೇ ಏನಾದ್ರೂ ಹೇಳ್ರಿ.”

“ನಂಗೆ ಬರೋದು ಆ ಜರ್ಮನ್ ಶಿಲ್ಪಿ ಕಥೆ ಒಂದೇ, ಅಜ್ಜಿ.”

“ಕಾಯಕ ಮಾಡ್ದನೋ, ಇಲ್ಲಾ ಕೂತು ಉಂಡನೋ?”

“ಜೀವಮಾನವೆಲ್ಲ ಕಲ್ಲು ಕೆತ್ತಿದಾನೆ.”

“ಮತ್ತೇನ್ರೀ! ಶರಣನೇ ಆದ. ಹೇಳ್ರಿ. ಆದ್ರೆ ಒಂದು ಮಾತು. ಒಳಗೆ ಬಸುರಿ ಕೇಳ್ತಿರ್ತಾಳೆ. ಕಥಿಯಾಗೆ ಯಾರೂ ಸಾಯಬಾರ್ದು.”

“ಅಯ್ಯೋ, ಅದಕ್ಕೇನಂತೆ” ಎಂದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಮೊದಲ ಸಂಜೆ ಬಡತನ ಹೇಳಿದೆ. ಅರಮನೆಯಲ್ಲಿ ಆಳಾಗಿದ್ದವನು, ಕೆಲಸ ಮುಗಿದ ಮೇಲೆ ಕದ್ದು ಮುಚ್ಚಿ ಮಣ್ಣಿನಲ್ಲಿ ಮುಖ ಮಾಡುತ್ತಿದ್ದ ಎಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹದಿನೆಂಟು ದಿನ ಶಾಸ್ತ್ರಿಗಳ ಪುರಾಣಕ್ಕೂ ಯಾರೂ ಹೀಗೆ ಅತ್ತಿರಲಿಲ್ಲ. ನಾನು ಉಬ್ಬಿಹೋದೆ.

ಎರಡನೆಯ ಸಂಜೆ ಕುದುರೆ. ಅವನು ಮುಪ್ಪಿನಲ್ಲಿ ಮಾಡಿದ, ಹಳೆಯ ರಾಜನೊಬ್ಬ ಕೂತ ಕಂಚಿನ ಕುದುರೆ. ನನಗೆ ಇಷ್ಟವೆಂದು ಅದನ್ನೇ ಮುಂದಕ್ಕೆ ಎಳೆದುಕೊಂಡೆ. ಮುದುಕರೊಬ್ಬರು ಕುದುರೆಯ ಸುಳಿ ನೆಟ್ಟಗಿತ್ತೋ ಎಂದು ಕೇಳಿದರು. ದೇವರಾಣೆ ನೆಟ್ಟಗಿತ್ತು ಎಂದೆ. ಜಗುಲಿಯ ತುದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರು ಕೂತಿದ್ದರು.

“ಅಷ್ಟು ದೊಡ್ಡ ಕುದುರೆ, ಒಂದೇ ಸಲ ಎರಕ ಹೊಯ್ದ್ರಾ ಮೇಷ್ಟ್ರೇ?”

“ತುಂಡು ತುಂಡಾಗಿ ಹೊಯ್ದು ಜೋಡಿಸಿದ್ದು.”

“ಬೆಸುಗೆ ಕಾಣ್ತದಾ?”

“ಎಲ್ಲೂ ಕಾಣಲ್ಲ.”

“ಭಲೇ! ಅವ್ನು ಕೆಲಸಗಾರ” ಎಂದು ಸಾಬರು ತೊಡೆ ತಟ್ಟಿಕೊಂಡರು.

ಮೂರನೆಯ ಸಂಜೆ ಜಗುಲಿ ಸಾಲದೆ ಜನ ಬೀದಿಯಲ್ಲಿ ಕೂತರು. ಹೋಟೆಲಿನಲ್ಲಿ ನನ್ನನ್ನು ಕಂಡು ಓಡುತ್ತಿದ್ದ ಮಹಾನುಭಾವರೂ ಇದ್ದರು. ಕೊನೆಯ ದಿನವೆಂದು ಅವನಿಗೆ ಹೆಸರು ತಂದ ಕೆಲಸವನ್ನೇ ಎತ್ತಿಕೊಂಡೆ. “ಅವನಿದ್ದ ಅರಮನೆಯ ರಾಣಿ, ಮಹಾ ಚೆಲುವೆ, ಇನ್ನೂ ಚಿಕ್ಕ ವಯಸ್ಸು. ಒಂದು ದಿನ ಆಕೆ...” ಎನ್ನುತ್ತಿದ್ದಂತೆ ನಾಲಿಗೆ ನಿಂತುಹೋಯಿತು. ಆ ಕೆಲಸವೆಂದರೆ ರಾಣಿಯ ಸಮಾಧಿಯ ಮೇಲಿನ ಮೂರ್ತಿ! ಅಜ್ಜಿಯ ಕಣ್ಣು ನನ್ನ ಮೇಲೇ ಇತ್ತು.

“ಒಂದು ದಿನ ಆಕೆ ಮಲಗಿದಳು” ಎಂದೆ. ಬೆವರು ಇಳಿಯಿತು. “ಮಲಗಿದ ರಾಣಿಯನ್ನು ಶಿಲ್ಪಿ ಬಿಳಿಯ ಕಲ್ಲಿನಲ್ಲಿ ಕೆತ್ತಿದ. ಮೇಲೆ ಹೊದ್ದ ಬಟ್ಟೆಯ ನಿರಿಗೆ ಗಾಳಿ ಬೀಸಿದರೆ ಅಲುಗುತ್ತದೆ ಅನ್ನುವ ಹಾಗೆ ಕೆತ್ತಿದ.”

ಒಳಕೋಣೆಯಿಂದ ಮಗಳ ದನಿ ಸಣ್ಣಗೆ ಕೇಳಿಸಿತು: “ಅವ್ವಾ, ಆ ರಾಣಿ ಏಳ್ತಾಳಾ ಕೇಳವ್ವಾ.”

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೆತ್ತ ಹಿಡಿದು ಕಲಿಸುವವನು ನಾನು. ಆ ದನಿ ಕೇಳಿದ ಮೇಲೆ ಯಾವ ಬೆತ್ತ, ಯಾವ ಸತ್ಯ!

“ಎದ್ದಳು!” ಎಂದು ಕೂಗಿದೆ. “ಆಕಳಿಸಿ, ಮೈಮುರಿದು ಎದ್ದಳು. ಕಲ್ಲನ್ನು ಒಂದು ಸುತ್ತು ಬಂದು ನೋಡಿ, ‘ಏನಯ್ಯಾ, ನನ್ನ ಮೂಗು ಇಷ್ಟುದ್ದ ಇದೆಯೇ?’ ಎಂದು ಶಿಲ್ಪಿಗೆ ಬೈದಳು. ಅವನು ಉಳಿ ತಂದು ಗೋಧಿ ಕಾಳಿನಷ್ಟು ಮೂಗು ತೆಗೆದ. ರಾಜ ಬಿದ್ದು ಬಿದ್ದು ನಕ್ಕ. ರಾಣಿ ಹಸಿವಾಗಿದೆ ಎಂದಳು.”

“ಏನ್ ಉಂಡ್ಲು?” ಎಂದು ಬೀದಿಯಿಂದ ಯಾರೋ ಕೇಳಿದರು.

“ಶಾವಿಗೆ ಪಾಯಸ. ಎರಡು ಸಲ ಹಾಕಿಸಿಕೊಂಡಳು.”

ಜಗುಲಿಯೆಲ್ಲ ನಕ್ಕಿತು. ಒಳಗೆ ಬಸುರಿಯೂ ನಗುತ್ತಿದ್ದಳು, “ಸಾಕ್ರೀ, ಹೊಟ್ಟೆ ಹಿಡ್ಕಳ್ತದೆ” ಎಂದು ಗೋಗರೆಯುತ್ತಿದ್ದಳು. ಅಜ್ಜಿ ಮಂಗಳ ಹಾಡಿ ನನ್ನ ಇಂಗ್ಲಿಷ್ ಪುಸ್ತಕಕ್ಕೆ ಆರತಿ ಬೆಳಗಿದರು. ಮೊದಲ ಪುಟದಲ್ಲಿದ್ದ ಶಿಲ್ಪಿಯ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಆ ಗಡ್ಡವಿಲ್ಲದ ಮುಖಕ್ಕೆ ಅದು ಚೆನ್ನಾಗಿಯೇ ಒಪ್ಪಿತು.

ನಾಲ್ಕು ದಿನಕ್ಕೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಗಟ್ಟಿಯಾಗಿದ್ದರು. ತೊಟ್ಟಿಲಿಗೆ ಹಾಕುವ ದಿನ ನನಗೂ ಎಲೆ ಹಾಕಿದ್ದರು. ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತ ಉಣ್ಣುತ್ತಿದ್ದೆ. ಅಜ್ಜಿ ಹೋಳಿಗೆಯ ಬುಟ್ಟಿ ಹಿಡಿದು ಎದುರು ಕೂತು ದನಿ ತಗ್ಗಿಸಿದರು.

“ಮೇಷ್ಟ್ರೇ, ಎದ್ದು ಓಡಾಡೋ ಹೆಂಗಸನ್ನ ಯಾರಾದ್ರೂ ಮಲಗಿಸಿ ಕೆತ್ತುತಾರೇನ್ರೀ? ಅವಳು ತೀರಿಹೋಗಿದ್ಲು. ನೀವು ಬೆವರಿದಾಗ್ಲೇ ನಂಗೆ ಗೊತ್ತಾತು.”

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ.

“ಪುರಾಣ ಮುಗಿದ ಮಾರನೇ ದಿನ ಒಬ್ರು ಜಂಗಮರನ್ನ ಕರೆದು ಊಟಕ್ಕಿಕ್ಕಿದೆ. ಯಾರ ಹೆಸರಿನಾಗೆ ತಾಯಿ ಅಂದ್ರು. ಜರ್ಮನಿ ರಾಣಿ ಹೆಸರಿನಾಗೆ ಅಂದೆ. ನನ್ನ ಮಗಳ ಸಲುವಾಗಿ ಆ ಸತ್ತವಳನ್ನ ಎಬ್ಬಿಸಿ ಎಲ್ರೂ ನಕ್ವಿ. ಅವಳೂ ಒಬ್ಬ ತಾಯಿ ಮಗಳಲ್ಲೇನ್ರೀ?”

ನನಗೆ ಅಳು ಬಂದುಬಿಟ್ಟಿತು. ಅಜ್ಜಿ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಹೊಯ್ದರು.